ಎರವಲು ಬಂದೂಕು, ನೆರೆಯವರ ನೆಪ: ಪೂರ್ವ ಕಾಂಗೋದ ಸೇನೆ ಯಾರ ಜೊತೆ ನಿಂತಿದೆ, ಏಕೆ

2025ರ ಜನವರಿ ಕೊನೆಯ ವಾರದಲ್ಲಿ ಪೂರ್ವ ಕಾಂಗೋದ ಗೋಮಾ ನಗರ ಎಂ23 ಬಂಡುಕೋರರ ವಶವಾಯಿತು. ಆಗ ಆ ಪ್ರದೇಶದಲ್ಲಿ ಸರ್ಕಾರದ ಪರ ಬಂದೂಕು ಹಿಡಿದಿದ್ದವರು ಯಾರೆಂದು ನೋಡಿದರೆ ಇಡೀ ಸಮಸ್ಯೆ ಒಂದೇ ನೋಟಕ್ಕೆ ಸಿಗುತ್ತದೆ. ಕಾಂಗೋದ ರಾಷ್ಟ್ರೀಯ ಸೇನೆಯಾದ ಎಫ್‌ಎಆರ್‌ಡಿಸಿ ಇತ್ತು. ‘ವಜಲೆಂಡೊ’, ಅಂದರೆ ಸ್ವಾಹಿಲಿಯಲ್ಲಿ ‘ದೇಶಭಕ್ತರು’, ಎಂದು ಕರೆಸಿಕೊಳ್ಳುವ ಹತ್ತಾರು ಸ್ಥಳೀಯ ಸಶಸ್ತ್ರ ಗುಂಪುಗಳಿದ್ದವು. ರುವಾಂಡಾದ ನರಮೇಧದ ನಂತರ ಗಡಿ ದಾಟಿ ಬಂದವರು ಕಟ್ಟಿದ ಎಫ್‌ಡಿಎಲ್‌ಆರ್ ಇತ್ತು. ದಕ್ಷಿಣ ಆಫ್ರಿಕಾ, ಮಲಾವಿ, ತಾಂಜಾನಿಯಾಗಳ ಸೈನಿಕರಿದ್ದರು. ರೊಮೇನಿಯಾದ ಬಾಡಿಗೆ ಸೈನಿಕರೂ ಇದ್ದರು. ಅವರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಕೊನೆಗೆ ಶಸ್ತ್ರ ಕೆಳಗಿಟ್ಟು ರುವಾಂಡಾದ ಮೂಲಕವೇ ಊರಿಗೆ ಮರಳಿದರು. ದಕ್ಷಿಣ ಕಿವು ಪ್ರಾಂತ್ಯದ ಕಡೆ ಬುರುಂಡಿಯ ಸೇನೆ ನಿಂತಿತ್ತು. ಎದುರಿಗೆ ಇದ್ದದ್ದು ಎಂ23, ಮತ್ತು ಅದರ ಜೊತೆಗೆ ರುವಾಂಡಾದ ಸೈನಿಕರು.

ಇಷ್ಟೆಲ್ಲ ಪಡೆಗಳಿದ್ದೂ ಗೋಮಾ ಉಳಿಯಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ದಕ್ಷಿಣ ಕಿವುವಿನ ರಾಜಧಾನಿ ಬುಕಾವು ನಗರವೂ ಬಿತ್ತು. ಜನಾಂಗದ್ವೇಷ, ಖನಿಜದಾಹ ಎಂಬ ಎರಡು ಮಾತುಗಳಲ್ಲಿ ಇದನ್ನು ವಿವರಿಸಿ ಮುಗಿಸುವುದುಂಟು. ಎರಡೂ ಸುಳ್ಳಲ್ಲ. ಆದರೆ ಆ ಎರಡನ್ನೂ ಮೂವತ್ತು ವರ್ಷ ಜೀವಂತ ಇಟ್ಟಿರುವುದು ಒಂದು ಸೇನೆಯ ಕೆಲಸದ ಪದ್ಧತಿ. ತಾನು ಮಾಡಲಾಗದ ಕೆಲಸವನ್ನು ಸೇನೆ ಮಿಲಿಷಿಯಾಗಳಿಗೆ, ಅಂದರೆ ಸೇನೆಯ ಹೊರಗಿನ ಸಶಸ್ತ್ರ ಗುಂಪುಗಳಿಗೆ, ವಹಿಸುತ್ತದೆ, ಆ ಮಿಲಿಷಿಯಾಗಳನ್ನೇ ತೋರಿಸಿ ನೆರೆಯ ದೇಶ ಗಡಿ ದಾಟುತ್ತದೆ, ಗಡಿ ದಾಟಿದವರನ್ನು ಎದುರಿಸಲು ಸೇನೆಗೆ ಇನ್ನಷ್ಟು ಮಿಲಿಷಿಯಾಗಳು ಬೇಕಾಗುತ್ತವೆ.

ಗಂಟು ಬಿದ್ದದ್ದು ಎಲ್ಲಿ

1994ರಲ್ಲಿ ರುವಾಂಡಾದಲ್ಲಿ ನೂರು ದಿನಗಳೊಳಗೆ ಸುಮಾರು 8 ಲಕ್ಷ ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಪಾಲು ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು. ಮುಂದೆ ರುವಾಂಡಾದ ಅಧ್ಯಕ್ಷರಾದ ಪಾಲ್ ಕಗಾಮೆಯವರ ಬಂಡುಕೋರ ಪಡೆ ಗೆದ್ದಾಗ ಸೋತ ಸರ್ಕಾರದ ಸೈನಿಕರು ಮತ್ತು ಕೊಲೆಗಡುಕ ‘ಇಂಟರಹಾಮ್ವೆ’ ಗುಂಪಿನವರು ಬಹುಸಂಖ್ಯಾತ ಹುಟು ಜನಾಂಗದ ಹತ್ತು ಲಕ್ಷಕ್ಕೂ ಮಿಕ್ಕ ನಿರಾಶ್ರಿತರೊಂದಿಗೆ ಆಗಿನ ಜೈರ್‌ಗೆ, ಅಂದರೆ ಇಂದಿನ ಕಾಂಗೋಗೆ, ನುಗ್ಗಿದರು. ಗೋಮಾ, ಬುಕಾವು ಸುತ್ತಲಿನ ಶಿಬಿರಗಳಲ್ಲಿ ಅವರ ಆಯುಧಗಳನ್ನು ಪೂರ್ತಿ ಕಸಿದುಕೊಂಡವರಿಲ್ಲ. ನಿರಾಶ್ರಿತರಿಗೆಂದು ಬಂದ ಅಕ್ಕಿ, ಬೇಳೆ, ಎಣ್ಣೆಯ ಹಂಚಿಕೆಯೂ ಅವರ ಕೈಯಲ್ಲೇ ಇತ್ತು.

1996ರಲ್ಲಿ ರುವಾಂಡಾ ಮತ್ತು ಉಗಾಂಡಾ ಒಂದು ಕಾಂಗೋಲೀಸ್ ಬಂಡಾಯವನ್ನು ಮುಂದಿಟ್ಟುಕೊಂಡು ಒಳನುಗ್ಗಿದವು. 1997ರ ಮೇ 17ರಂದು ಜೈರ್‌ನ ಸರ್ವಾಧಿಕಾರಿ ಮೊಬುಟು ಆಳ್ವಿಕೆ ಮುಗಿದು ಬಂಡಾಯದ ನಾಯಕ ಲಾರೆಂಟ್ ಕಬಿಲಾ ಅಧ್ಯಕ್ಷರಾದರು. ಆ ಹೊಸ ಸರ್ಕಾರದ ಸೇನೆಯ ಮುಖ್ಯಸ್ಥ ಜೇಮ್ಸ್ ಕಬರೇಬೆ ರುವಾಂಡಾದ ಅಧಿಕಾರಿ. ಒಂದು ದೇಶದ ಸೇನಾ ಮುಖ್ಯಸ್ಥ ಪಕ್ಕದ ದೇಶದ ಸೇನೆಯವನು ಎಂಬುದನ್ನು ಒಮ್ಮೆ ಊಹಿಸಿಕೊಳ್ಳಿ. ಕಾಂಗೋದ ರಾಜಧಾನಿ ಕಿನ್ಶಾಸಾದ ಜನರಿಗೆ ಆದ ಅವಮಾನ ಇಂದಿಗೂ ಅಲ್ಲಿನ ರಾಜಕೀಯ ಭಾಷಣಗಳಲ್ಲಿ ಕೇಳಿಸುತ್ತದೆ.

1998ರ ಜುಲೈನಲ್ಲಿ ಕಬಿಲಾ ರುವಾಂಡಾದವರನ್ನು ಹೊರಹಾಕಿದರು. ಆಗಸ್ಟ್ 2ಕ್ಕೆ ಗೋಮಾದಲ್ಲಿ ಹೊಸ ಬಂಡಾಯ ಎದ್ದಿತು, ಹಿಂದೆ ನಿಂತದ್ದು ರುವಾಂಡಾ. ಅಂಗೋಲಾ, ಜಿಂಬಾಬ್ವೆ, ನಮೀಬಿಯಾ ಕಬಿಲಾ ನೆರವಿಗೆ ಬಂದವು. ಅಷ್ಟೂ ಸಾಲದೆ ಕಬಿಲಾ ಎರಡು ವರ್ಷದ ಹಿಂದೆ ಯಾರನ್ನು ಬೇಟೆಯಾಡುತ್ತ ಅಧಿಕಾರಕ್ಕೆ ಬಂದಿದ್ದರೋ ಆ ಹಳೆಯ ರುವಾಂಡನ್ ಸೈನಿಕರಿಗೂ ಇಂಟರಹಾಮ್ವೆಗಳಿಗೂ ಬಂದೂಕು ಕೊಟ್ಟರು. 2000ದಲ್ಲಿ ಅವರಿಂದಲೇ ಎಫ್‌ಡಿಎಲ್‌ಆರ್ ರೂಪುಗೊಂಡಿತು. ಇಂದಿನ ಶಾಂತಿ ಒಪ್ಪಂದಗಳಲ್ಲಿ ಪುಟಗಟ್ಟಲೆ ಚರ್ಚೆಯಾಗುವ ಸೇನೆ ಮತ್ತು ಎಫ್‌ಡಿಎಲ್‌ಆರ್ ನಂಟು ಹುಟ್ಟಿದ್ದು ಆ ತುರ್ತಿನಲ್ಲಿ.

ದಂಗೆಗೆ ಸಿಕ್ಕ ಬಡ್ತಿ

2003ರಲ್ಲಿ ಯುದ್ಧ ನಿಂತು ಮಧ್ಯಂತರ ಸರ್ಕಾರ ಬಂತು. ಹಳೆಯ ಸರ್ಕಾರದ ಸೇನೆ, ಉಗಾಂಡಾ ಬೆಂಬಲದ ಬಂಡುಕೋರರು, ರುವಾಂಡಾ ಬೆಂಬಲದವರು, ಮಾಯಿ ಮಾಯಿ ಎಂಬ ಹಳ್ಳಿಗಾವಲು ಗುಂಪುಗಳು ಎಲ್ಲ ಸೇರಿ ಒಂದೇ ಸೇನೆಯಾಗಬೇಕಿತ್ತು. ಇದಕ್ಕೆ ಕಂಡುಕೊಂಡ ದಾರಿಯ ಹೆಸರು ‘ಬ್ರಾಸಾಜ್’, ಕಲಸಿ ಒಂದು ಮಾಡುವುದು. ಹೋರಾಟಗಾರ ಮೊದಲು ನಿಗದಿತ ಕೇಂದ್ರಕ್ಕೆ ಬಂದು ಶಸ್ತ್ರ ಒಪ್ಪಿಸಬೇಕು. ಊರಿಗೆ ಹೋಗುತ್ತೀಯೋ, ಸೇನೆಗೆ ಸೇರುತ್ತೀಯೋ ಎಂದು ಕೇಳುತ್ತಾರೆ. ಸೇನೆ ಎಂದವನಿಗೆ ಸುಮಾರು 45 ದಿನಗಳ ತರಬೇತಿ. ಆಮೇಲೆ ನಿನ್ನೆಯವರೆಗೆ ಶತ್ರುವಾಗಿದ್ದವರ ಜೊತೆ ಬೆರೆಸಿ, ಹಳೆಯ ನಾಯಕನಿಂದ ಬೇರ್ಪಡಿಸಿ, ತನ್ನ ಊರಲ್ಲದ ಕಡೆ ನೇಮಕ.

ಕಾಗದದ ಮೇಲೆ ಇದು ಒಳ್ಳೆಯ ಯೋಜನೆಯೇ. ಕೆಟ್ಟದ್ದು ಎರಡು ಕಡೆ. ಮೊದಲನೆಯದು ಸಂಬಳ. ಹಣ ಕಿನ್ಶಾಸಾದಿಂದ ಹೊರಟು ತುಕಡಿಯ ಕಮಾಂಡರನ ಕೈ ಸೇರಿ, ಅಲ್ಲಿಂದ ಸೈನಿಕನಿಗೆ ತಲುಪಬೇಕಿತ್ತು. ಪಟ್ಟಿಯಲ್ಲಿ ಹೆಸರು ಹೆಚ್ಚಿದ್ದಷ್ಟೂ ಕಮಾಂಡರನಿಗೆ ಲಾಭ. ಹಾಗಾಗಿ ಸತ್ತವರು, ಓಡಿಹೋದವರು, ಹುಟ್ಟೇ ಇಲ್ಲದವರು ಪಟ್ಟಿಯಲ್ಲಿ ಸಂಬಳ ಪಡೆದರು. 2005ರಿಂದ ಯುರೋಪಿಯನ್ ಒಕ್ಕೂಟದ ಸಲಹೆಗಾರರ ತಂಡವೊಂದು ತಲೆ ಎಣಿಕೆ ಮಾಡಿಸಿ, ಸಂಬಳದ ಹಾದಿಯನ್ನು ಆಜ್ಞೆಯ ಹಾದಿಯಿಂದ ಬೇರೆ ಮಾಡಲು ದುಡಿಯಿತು. ನಂತರದ ವರ್ಷಗಳಲ್ಲಿ ಬ್ಯಾಂಕ್ ಖಾತೆಗಳೂ ಬಂದವು. ಆದರೆ ಗುಡ್ಡದ ಮೇಲಿನ ಕಾವಲು ಠಾಣೆಯಲ್ಲಿರುವವನಿಗೆ ಬ್ಯಾಂಕ್ ಎಲ್ಲಿದೆ? ಸಂಬಳ ಬಾರದ ಸೈನಿಕ ರಸ್ತೆಗೆ ಅಡ್ಡ ಹಗ್ಗ ಕಟ್ಟುತ್ತಾನೆ. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಉತ್ತರ ಮತ್ತು ದಕ್ಷಿಣ ಕಿವು ಪ್ರಾಂತ್ಯಗಳಲ್ಲಿ ಹಣ ಕೀಳುವ 798 ರಸ್ತೆ ತಡೆಗಳನ್ನು ಎಣಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಕೈಚಾಚಿದವರು ಸರ್ಕಾರದ ಕಡೆಯವರೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಎರಡನೆಯದು, ಒಪ್ಪದವರಿಗೆ ಸಿಕ್ಕ ವಿನಾಯಿತಿ. ಲಾರೆಂಟ್ ಎನ್ಕುಂಡಾ ಎಂಬ ಟುಟ್ಸಿ ಜನರಲ್ ಕಿವು ಬಿಟ್ಟು ಕದಲಲು ಒಪ್ಪಲಿಲ್ಲ. 2007ರ ಆರಂಭದಲ್ಲಿ ಅವನಿಗಾಗಿ ನಿಯಮವನ್ನೇ ಸಡಿಲಿಸಿ ‘ಮಿಕ್ಸಾಜ್’ ಎಂಬ ಹೊಸ ಏರ್ಪಾಡು ಮಾಡಿದರು. ಅವನ ತುಕಡಿಗಳೂ ಸೇನೆಯ ತುಕಡಿಗಳೂ ಒಂದೇ ಬ್ರಿಗೇಡಿನಲ್ಲಿ ಇರಬೇಕು, ಆದರೆ ಊರು ಬಿಡಬೇಕಿಲ್ಲ. ಫಲವಾಗಿ ಅವನ ಹುಡುಗರಿಗೆ ಸರ್ಕಾರದ ಸಂಬಳ, ಸರ್ಕಾರದ ಮದ್ದುಗುಂಡು, ನಿಷ್ಠೆ ಮಾತ್ರ ಎನ್ಕುಂಡಾನಿಗೆ. ಆ ವರ್ಷ ಮುಗಿಯುವ ಮೊದಲೇ ವ್ಯವಸ್ಥೆ ಮುರಿಯಿತು, ಅವನು ಮೊದಲಿಗಿಂತ ಬಲಿಷ್ಠನಾಗಿ ಹೊರಬಂದ.

2009ರ ಜನವರಿಯಲ್ಲಿ ಕಾಂಗೋ ಮತ್ತು ರುವಾಂಡಾ ಇದ್ದಕ್ಕಿದ್ದಂತೆ ರಾಜಿಯಾದವು. ರುವಾಂಡಾ ಎನ್ಕುಂಡಾನನ್ನು ಬಂಧಿಸಿತು, ಬದಲಿಗೆ ಎಫ್‌ಡಿಎಲ್‌ಆರ್ ವಿರುದ್ಧ ಎರಡೂ ಸೇನೆಗಳ ಜಂಟಿ ಕಾರ್ಯಾಚರಣೆ ನಡೆಯಿತು. ಮಾರ್ಚ್ 23ರ ಒಪ್ಪಂದದಂತೆ ಎನ್ಕುಂಡಾನ ಪಡೆ ಸೇನೆಗೆ ಸೇರಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಹೊತ್ತಿದ್ದ, ಅದೇ ಪಡೆಯ ಬೊಸ್ಕೊ ಎನ್ಟಗಾಂಡಾ ಜನರಲ್ ಆದ. 2012ರ ಏಪ್ರಿಲ್‌ನಲ್ಲಿ ಸೇನೆಯೊಳಗಿನ ಈ ಹಳೆಯ ಬಂಡುಕೋರರ ಜಾಲವನ್ನು ಒಡೆಯಲು ಸರ್ಕಾರ ಹೊರಟಾಗ ಅವರು ದಂಗೆಯೆದ್ದರು. ಆ ಒಪ್ಪಂದದ ದಿನಾಂಕವೇ ದಂಗೆಯ ಹೆಸರಾಯಿತು: ಎಂ23. ನವೆಂಬರ್ 20ಕ್ಕೆ ಗೋಮಾ ಬಿತ್ತು. 2013ರಲ್ಲಿ ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಮಲಾವಿಗಳ 3,069 ಮಂದಿಯ ವಿಶ್ವಸಂಸ್ಥೆ ಬ್ರಿಗೇಡ್ ಜೊತೆಗೂಡಿ, ರುವಾಂಡಾದ ಮೇಲೆ ನೆರವು ನೀಡುವ ದೇಶಗಳ ಒತ್ತಡವೂ ಬಿದ್ದಾಗ ಎಂ23 ಸೋತಿತು. ಉಳಿದವರು ಉಗಾಂಡಾ, ರುವಾಂಡಾ ಶಿಬಿರಗಳಲ್ಲಿ ಕುಳಿತರು. ಅವರನ್ನು ಏನು ಮಾಡಬೇಕೆಂಬುದು ಎಂಟು ವರ್ಷ ಬಗೆಹರಿಯಲಿಲ್ಲ. 2021ರ ನವೆಂಬರ್‌ನಲ್ಲಿ ಅವರು ಮತ್ತೆ ಬಂದರು.

ಮಿಲಿಷಿಯಾ ನೇಮಕ ಹೇಗೆ ನಡೆಯುತ್ತದೆ

2022ರ ಮೇ ತಿಂಗಳಲ್ಲಿ ಉತ್ತರ ಕಿವುವಿನ ಪಿಂಗಾ ಎಂಬಲ್ಲಿ ಹಲವು ಸಶಸ್ತ್ರ ಗುಂಪುಗಳ ಸಭೆ ಸೇರಿತು. ಸೇನೆಯ ಕರ್ನಲ್ ಒಬ್ಬರೂ ಅಲ್ಲಿದ್ದರೆಂದು ಮಾನವ ಹಕ್ಕು ಸಂಘಟನೆಯೊಂದು ಅದೇ ವರ್ಷ ದಾಖಲಿಸಿತು. ಪರಸ್ಪರ ಕಾದಾಟ ನಿಲ್ಲಿಸಿ ಎಂ23 ವಿರುದ್ಧ ಒಂದಾಗುವುದು ಅಲ್ಲಿನ ತೀರ್ಮಾನ. ಜೂನ್ 13ರಂದು ಉಗಾಂಡಾ ಗಡಿಯ ಬುನಗಾನಾ ಪಟ್ಟಣ ಎಂ23 ಪಾಲಾದ ಮೇಲೆ ಈ ಕೂಟ ಬೆಳೆಯಿತು. ನವೆಂಬರ್‌ನಲ್ಲಿ ಅಧ್ಯಕ್ಷ ಫೆಲಿಕ್ಸ್ ಶಿಸೆಕೆಡಿ ಯುವಕರಿಗೆ ಕಾವಲು ಗುಂಪು ಕಟ್ಟಿಕೊಳ್ಳಲು ಬಹಿರಂಗ ಕರೆ ಕೊಟ್ಟರು. 2023ರಲ್ಲಿ ಮೀಸಲು ಪಡೆಯ ಕಾನೂನು ಬಂದು ವಜಲೆಂಡೊಗಳಿಗೆ ಕಾನೂನಿನ ನೆರಳೂ ದೊರಕಿತು.

ವಿಶ್ವಸಂಸ್ಥೆಯ ತಜ್ಞರ ತಂಡದ ವರದಿಗಳನ್ನು ಸಾಲಾಗಿ ಓದಿದರೆ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ. ಸೇನೆಯ ಅಧಿಕಾರಿಯೊಬ್ಬ ಸಂಪರ್ಕದ ಕೊಂಡಿಯಾಗುತ್ತಾನೆ. ಅವನ ಮೂಲಕ ಮದ್ದುಗುಂಡಿನ ಪೆಟ್ಟಿಗೆ, ಸಮವಸ್ತ್ರ, ದಿನಸಿ, ನಗದು ಗುಂಪಿನ ನಾಯಕನಿಗೆ ಹೋಗುತ್ತವೆ, ಹೋರಾಟಗಾರನಿಗೆ ನೇರವಾಗಿ ಅಲ್ಲ. ಮುಂಚೂಣಿಯಲ್ಲಿ ಗುಂಪು, ಹಿಂದೆ ಫಿರಂಗಿಯ ಜೊತೆ ಸೇನೆ. ನೆಲ ಬಲ್ಲವರು ಸಿಕ್ಕರು, ಖರ್ಚು ಕಡಿಮೆಯಾಯಿತು. ತಪ್ಪಾದರೆ ಸೇನೆ ಕೈ ತೊಳೆದುಕೊಳ್ಳಲೂಬಹುದು.

ಎಡವುವುದು ಇದೇ ಮೂರು ಅನುಕೂಲಗಳಲ್ಲಿ. ನೆಲ ಬಲ್ಲವನು ತನ್ನ ನೆಲಕ್ಕಾಗಿ ಮಾತ್ರ ಹೋರಾಡುತ್ತಾನೆ. ಪಕ್ಕದ ಕಣಿವೆ ಉಳಿಸಲು ಕರೆದರೆ ಬರುವುದಿಲ್ಲ. ನಗದು ನಾಯಕನ ಕೈಗೆ ಹೋಗುವುದರಿಂದ ಹುಡುಗ ಮತ್ತೆ ರಸ್ತೆ ತಡೆಗೇ ಮರಳುತ್ತಾನೆ, ಸುಂಕ ತೆರುವ ಹಳ್ಳಿಗರಿಗೆ ಸೇನೆಯದೊಂದು ಹಗ್ಗ, ‘ದೇಶಭಕ್ತರ’ದು ಇನ್ನೊಂದು. ಕೊಟ್ಟ ಮದ್ದುಗುಂಡಿನ ಲೆಕ್ಕ ಕೇಳುವ ಪದ್ಧತಿಯಿಲ್ಲ. ಹದಿನೆಂಟು ತುಂಬದ ಮಕ್ಕಳ ಕೈಗೂ ಬಂದೂಕು ಬರುತ್ತದೆ, ಇದು ಎಂ23 ಕಡೆಯೂ ಅಷ್ಟೇ ನಿಜ. ಆಜ್ಞೆಯ ಸರಪಳಿ ಒಂದೇ ಅಲ್ಲದ ಕಾರಣ ಹಿಮ್ಮೆಟ್ಟುವಾಗ ಎಲ್ಲ ಬಿಚ್ಚಿಕೊಳ್ಳುತ್ತದೆ. ಬುಕಾವು ಬಿದ್ದ ಮೇಲೆ ದಕ್ಷಿಣಕ್ಕಿರುವ ಉವಿರಾ ನಗರದ ಕಡೆ ಓಡಿಬಂದ ಸೈನಿಕರ ಬಂದೂಕುಗಳನ್ನು ವಜಲೆಂಡೊಗಳು ಕಿತ್ತುಕೊಳ್ಳಲು ಹೋಗಿ, ಒಂದೇ ಪಕ್ಷದ ಇಬ್ಬರ ನಡುವೆ ಗುಂಡು ಹಾರಿದವು.

ಗಿಡೋನ್ ಶಿಮಿರೈ ಎಂಬ ನಾಯಕನ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವನ ಎನ್‌ಡಿಸಿ-ಆರ್ ಗುಂಪನ್ನು ಸೇನೆ ಕೆಲವು ವರ್ಷ ಎಫ್‌ಡಿಎಲ್‌ಆರ್ ವಿರುದ್ಧ ಬಳಸಿತು. 2018ರಲ್ಲಿ ವಿಶ್ವಸಂಸ್ಥೆ ಅವನ ಮೇಲೆ ನಿರ್ಬಂಧ ಹೇರಿತು. 2019ರಲ್ಲಿ ಕಾಂಗೋದ ನ್ಯಾಯಾಂಗವೇ ಬಂಧನ ವಾರಂಟ್ ಹೊರಡಿಸಿತು. 2022ರಲ್ಲಿ ಅದೇ ಗಿಡೋನ್ ಎಂ23 ವಿರುದ್ಧದ ಕೂಟದ ಮುಂದಾಳುಗಳಲ್ಲಿ ಒಬ್ಬ, ಮತ್ತು ಅದೇ ಎಫ್‌ಡಿಎಲ್‌ಆರ್ ಈಗ ಅವನ ಪಕ್ಕದಲ್ಲಿ. ವಾರಂಟ್ ಜಾರಿಯಾಗಲಿಲ್ಲ. ಈ ಬಗೆಯ ನಾಯಕರಿಗಿಂತ ನನಗೆ ಹೆಚ್ಚು ಕಳವಳ ತರುವುದು ಅವರ ಕೈಕೆಳಗಿನ ಹುಡುಗರು ಕಲಿಯುವ ಪಾಠ. ಶಸ್ತ್ರ ಒಪ್ಪಿಸಿ ಹಳ್ಳಿಗೆ ಮರಳುವವರಿಗೆಂದು 2021ರಲ್ಲಿ ಸರ್ಕಾರವೇ ಒಂದು ಪುನರ್ವಸತಿ ಕಾರ್ಯಕ್ರಮ ಆರಂಭಿಸಿತ್ತು. ಒಂದೇ ವರ್ಷದಲ್ಲಿ ಅದೇ ಸರ್ಕಾರ ಅವರಿಗೆ ಮತ್ತೆ ಬಂದೂಕು ಹಂಚಿತು.

ನೆರೆಯವರು, ಒಬ್ಬೊಬ್ಬರದು ಒಂದೊಂದು ಲೆಕ್ಕ

ರುವಾಂಡಾ ಹೇಳುವುದು ಒಂದೇ ಮಾತು: ನರಮೇಧ ಮಾಡಿದವರ ವಾರಸುದಾರರನ್ನು ಕಾಂಗೋ ಸೇನೆ ಸಾಕುತ್ತಿದೆ, ಅದು ನಮ್ಮ ಅಸ್ತಿತ್ವದ ಪ್ರಶ್ನೆ. ಸೇನೆಯ ಕೆಲವು ಅಧಿಕಾರಿಗಳು ಎಫ್‌ಡಿಎಲ್‌ಆರ್ ಜೊತೆ ಕೆಲಸ ಮಾಡಿದ್ದು ದಾಖಲಾದ ಸತ್ಯ. ಕಾಂಗೋದ ಟುಟ್ಸಿಗಳು ದ್ವೇಷದ ಮಾತುಗಳನ್ನೂ ದಾಳಿಗಳನ್ನೂ ಅನುಭವಿಸಿದ್ದಾರೆ ಎಂಬುದೂ ಸತ್ಯ. ಆದರೆ ಎಫ್‌ಡಿಎಲ್‌ಆರ್ ಇಂದು ಒಂದೆರಡು ಸಾವಿರ ಜನರ ಗುಂಪು. 2024ರ ಮಧ್ಯದ ವರದಿಯಲ್ಲಿ ತಜ್ಞರ ತಂಡ ಕಾಂಗೋ ನೆಲದಲ್ಲಿದ್ದ ರುವಾಂಡಾ ಸೈನಿಕರ ಸಂಖ್ಯೆಯನ್ನು 3,000ದಿಂದ 4,000 ಎಂದು ಅಂದಾಜಿಸಿತು, ಎಂ23 ಕಾರ್ಯಾಚರಣೆಗಳ ಮೇಲೆ ಅವರದೇ ಹಿಡಿತ ಇದೆಯೆಂದೂ ಹೇಳಿತು. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಎಂ23 ರುಬಾಯಾದ ಕೋಲ್ಟಾನ್ ಗಣಿಗಳನ್ನು ಹಿಡಿಯಿತು. ಫೋನು, ಲ್ಯಾಪ್‌ಟಾಪುಗಳ ಪುಟ್ಟ ಕೆಪಾಸಿಟರ್‌ಗಳಿಗೆ ಬೇಕಾದ ಟ್ಯಾಂಟಲಮ್ ಸಿಗುವುದು ಈ ಅದಿರಿನಿಂದ, ಜಗತ್ತಿನ ಪೂರೈಕೆಯ ಸುಮಾರು 15 ಶೇಕಡ ರುಬಾಯಾದ್ದೆಂಬ ಅಂದಾಜಿದೆ. ಅಲ್ಲಿನ ಸುಂಕದಿಂದ ಎಂ23ಗೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತದೆಂದು ತಜ್ಞರ ಲೆಕ್ಕ. ಗಡಿ ರಕ್ಷಣೆಗೆ ಬಂದವರಿಗೆ ಗಣಿಯ ಸುಂಕ ವಸೂಲಿ, ಸಮಾನಾಂತರ ಆಡಳಿತ, ಎರಡು ಪ್ರಾಂತ್ಯದ ರಾಜಧಾನಿಗಳು ಬೇಕಿರಲಿಲ್ಲ. ಎಫ್‌ಡಿಎಲ್‌ಆರ್ ನಿಜವಾದ ದೂರು, ಆದರೆ ಈ ಪ್ರಮಾಣದ ಸೇನಾ ದಾಳಿಗೆ ಅದು ಸಮರ್ಥನೆಯಾಗಲಾರದು.

ಉಗಾಂಡಾದ ಸ್ಥಿತಿ ಇನ್ನೂ ಗೋಜಲು. 2021ರ ನವೆಂಬರ್ 30ರಿಂದ ಅದು ಕಾಂಗೋ ಸೇನೆಯ ಜೊತೆ ‘ಶುಜಾ’ ಎಂಬ ಕಾರ್ಯಾಚರಣೆಯಲ್ಲಿದೆ. ಗುರಿ, ಇಸ್ಲಾಮಿಕ್ ಸ್ಟೇಟ್‌ಗೆ ನಿಷ್ಠೆ ಘೋಷಿಸಿದ ಉಗಾಂಡಾ ಮೂಲದ ಎಡಿಎಫ್ ಎಂಬ ಬಂಡುಕೋರ ಗುಂಪು. ಅಂದರೆ ಉತ್ತರದಲ್ಲಿ ಅದು ಮಿತ್ರ. ಆದರೆ ಎಂ23ಗೆ ಉಗಾಂಡಾದೊಳಗೆ ಓಡಾಟ ಮತ್ತು ಬೆಂಬಲ ಸಿಕ್ಕಿದೆ ಎಂದು ಅದೇ ತಜ್ಞರ ತಂಡ ಬರೆದಿದೆ, ಉಗಾಂಡಾ ಅಲ್ಲಗಳೆದಿದೆ. ಬುರುಂಡಿಗೆ ರುವಾಂಡಾ ಮೇಲೆ ಹಳೆಯ ಅಪನಂಬಿಕೆ, ತನ್ನ ವಿರುದ್ಧದ ರೆಡ್-ತಬಾರಾ ಬಂಡುಕೋರರು ದಕ್ಷಿಣ ಕಿವುವಿನಲ್ಲಿದ್ದಾರೆ. 2022ರಿಂದ ಕಾಂಗೋ ಜೊತೆಗಿನ ಒಪ್ಪಂದದಂತೆ ಅದರ ಸಾವಿರಾರು ಸೈನಿಕರು ಒಳಗಿದ್ದಾರೆ. ಟಾಂಗಾನಿಕಾ ಸರೋವರದ ತುದಿಯಲ್ಲಿ ಕಾಂಗೋದ ಉವಿರಾ ಮತ್ತು ಬುರುಂಡಿಯ ಬುಜುಂಬುರಾ ಎದುರುಬದುರು ಇರುವ ಊರುಗಳು. ಉವಿರಾದ ಯುದ್ಧವೆಂದರೆ ಬುಜುಂಬುರಾದ ಹೊಸ್ತಿಲಿನ ಯುದ್ಧ.

ಪೂರ್ವ ಆಫ್ರಿಕಾ ದೇಶಗಳ ಪಡೆ 2022ರ ನವೆಂಬರ್‌ನಲ್ಲಿ ಬಂದು 2023ರ ಡಿಸೆಂಬರ್‌ನಲ್ಲಿ ಹೊರಟಿತು. ಕಿನ್ಶಾಸಾಗೆ ಬೇಕಿದ್ದುದು ಎಂ23 ಮೇಲೆ ಯುದ್ಧ ಮಾಡುವವರು, ಬಂದವರು ನಡುವೆ ನಿಲ್ಲುವವರು. ಅವರ ಜಾಗಕ್ಕೆ ಬಂದ ದಕ್ಷಿಣ ಆಫ್ರಿಕಾ ನೇತೃತ್ವದ ಪಡೆ ಗೋಮಾ ಕದನದಲ್ಲಿ ಸೈನಿಕರನ್ನು ಕಳೆದುಕೊಂಡಿತು. ದಕ್ಷಿಣ ಆಫ್ರಿಕಾದವರೇ 14 ಮಂದಿ ಸತ್ತರು. ಮಾರ್ಚ್ 2025ರಲ್ಲಿ ಅದನ್ನು ಹಿಂದಕ್ಕೆ ಕರೆಸುವ ನಿರ್ಧಾರವಾಯಿತು.

ಭಾರತಕ್ಕೂ ಈ ನೆಲದ ಪರಿಚಯವಿದೆ. ವಿಶ್ವಸಂಸ್ಥೆಯ ಉತ್ತರ ಕಿವು ಬ್ರಿಗೇಡ್ ಬಹುಕಾಲ ಭಾರತೀಯ ಸೇನೆಯ ಹೊಣೆಯಲ್ಲಿತ್ತು. 2008ರಲ್ಲಿ ಎನ್ಕುಂಡಾ ಗೋಮಾ ಬಾಗಿಲಿಗೆ ಬಂದಾಗ ಅದರ ಕಮಾಂಡರ್, ಮುಂದೆ ನಮ್ಮ ಮೂರೂ ಪಡೆಗಳ ಮುಖ್ಯಸ್ಥರಾದ ಬಿಪಿನ್ ರಾವತ್. ಶಾಂತಿಪಾಲಕರಿಗೆ ಮಿಲಿಷಿಯಾ ನಂಟು ತರುವ ತೊಡಕು ತುಂಬ ಪ್ರಾಯೋಗಿಕವಾದದ್ದು. ಗಂಭೀರ ಅಪರಾಧ ಎಸಗಿದ ತುಕಡಿಗೆ ಇಂಧನ, ಪಡಿತರ, ವಾಹನ ಕೊಡುವಂತಿಲ್ಲ ಎಂಬುದು ವಿಶ್ವಸಂಸ್ಥೆಯ ನಿಯಮ. 2015ರಲ್ಲಿ ಎಫ್‌ಡಿಎಲ್‌ಆರ್ ವಿರುದ್ಧದ ಕಾರ್ಯಾಚರಣೆಗೆ ಇಂಥ ಆರೋಪವಿದ್ದ ಇಬ್ಬರು ಜನರಲ್‌ಗಳನ್ನು ಸರ್ಕಾರ ನೇಮಿಸಿತು, ವಿಶ್ವಸಂಸ್ಥೆ ನೆರವು ನಿಲ್ಲಿಸಿತು. ಸೇನೆಯ ಠಾಣೆಯಲ್ಲೇ ವಜಲೆಂಡೊ, ಪಕ್ಕದಲ್ಲೇ ಎಫ್‌ಡಿಎಲ್‌ಆರ್ ಇದ್ದರೆ ಯಾರಿಗೆ ಪಡಿತರ ಕೊಟ್ಟಂತಾಯಿತು?

ಗೊತ್ತಾಗುವುದು ಹೇಗೆ

ಎಲ್ಲರೂ ಅಲ್ಲಗಳೆಯುವ ಯುದ್ಧದಲ್ಲಿ ಸಾಕ್ಷ್ಯದ ಗುಣ ಮುಖ್ಯ. ಸೆರೆಸಿಕ್ಕವನ ಹೇಳಿಕೆ ಒಂದೇ ಆದರೆ ಅದು ದುರ್ಬಲ, ಅವನು ಬಂಧಿಸಿದವರಿಗೆ ಬೇಕಾದದ್ದನ್ನೇ ಹೇಳಿರಬಹುದು. ಸಮವಸ್ತ್ರವೂ ಅಷ್ಟೇ, ಬುರುಂಡಿ ಸೈನಿಕರು ಕಾಂಗೋ ಸಮವಸ್ತ್ರದಲ್ಲಿ ಕಾಣಿಸಿಕೊಂಡದ್ದು ವರದಿಯಾಗಿದೆ. ಹೆಚ್ಚು ತೂಕದ್ದು ಶಸ್ತ್ರದ ಬಗೆ. ಎಂ23 ಕಡೆಯಿಂದ ಮಾರ್ಗದರ್ಶಿತ 120 ಮಿಲಿಮೀಟರ್ ಮಾರ್ಟರ್ ಗುಂಡುಗಳು ಬಂದವು, ವಿಶ್ವಸಂಸ್ಥೆಯ ಡ್ರೋನ್ ಮೇಲೆ ವಿಮಾನ ನಿರೋಧಕ ಕ್ಷಿಪಣಿ ಹಾರಿತು, ಜಿಪಿಎಸ್ ಸಂಕೇತಗಳಿಗೆ ಅಡ್ಡಿಯಾಯಿತು. ಇವು ಕಾಡಿನ ಗುಂಪು ಸಂತೆಯಲ್ಲಿ ಕೊಳ್ಳುವ ಸರಕಲ್ಲ, ಅವನ್ನು ನಡೆಸಲು ತರಬೇತಾದ ಸೇನೆ ಬೇಕು. ಜೊತೆಗೆ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಸಾಲಾಗಿ ಗಡಿ ದಾಟುವ ಪಡೆಗಳು ಕಂಡಿವೆ.

ಒಪ್ಪಂದ ಸಿಕ್ಕಿಬೀಳುವ ಜಾಗ

2025ರ ಫೆಬ್ರವರಿ 21ರಂದು ಭದ್ರತಾ ಮಂಡಳಿ 2773ನೇ ನಿರ್ಣಯದಲ್ಲಿ ರುವಾಂಡಾ ಎಂ23 ಬೆಂಬಲ ನಿಲ್ಲಿಸಿ ಹಿಂದೆ ಸರಿಯಬೇಕೆಂದಿತು. ಅದೇ ನಿರ್ಣಯ ಕಾಂಗೋ ಸೇನೆ ಎಫ್‌ಡಿಎಲ್‌ಆರ್‌ಗೆ ಕೊಡುವ ಬೆಂಬಲವನ್ನೂ ಖಂಡಿಸಿತು. ಜೂನ್ 27ರ ವಾಷಿಂಗ್ಟನ್ ಒಪ್ಪಂದ ಈ ಎರಡನ್ನೂ ಒಟ್ಟಿಗೆ ಕಟ್ಟಿತು: ಕಾಂಗೋ ಎಫ್‌ಡಿಎಲ್‌ಆರ್ ಅನ್ನು ನಿಷ್ಕ್ರಿಯಗೊಳಿಸಬೇಕು, ರುವಾಂಡಾ ತನ್ನ ‘ರಕ್ಷಣಾ ಕ್ರಮ’ಗಳನ್ನು ತೆಗೆಯಬೇಕು. ಎಂ23 ಜೊತೆಗಿನ ಮಾತುಕತೆ ಬೇರೆಯಾಗಿ ದೋಹಾದಲ್ಲಿ.

ಮೊದಲು ಯಾರು ಎಂಬಲ್ಲಿ ಇದು ನಿಲ್ಲುತ್ತದೆ. ಎಫ್‌ಡಿಎಲ್‌ಆರ್ ಇರುವ ಗುಡ್ಡಗಳಲ್ಲಿ ಎಷ್ಟೋ ಭಾಗ ಎಂ23 ಹಿಡಿತದ ಒಳಗೋ ಅಂಚಿನಲ್ಲೋ ಇವೆ, ಸೇನೆ ಅಲ್ಲಿಗೆ ಹೋಗುವುದು ಹೇಗೆ? ಹೋದರೂ, ನಿನ್ನೆ ಪಕ್ಕದ ಕಂದಕದಲ್ಲಿದ್ದವರ ಮೇಲೆ ದಾಳಿಯ ಸುಳಿವು ಮೊದಲೇ ಸೋರುತ್ತದೆ. ಕಾಡಿಗೆ ಚದುರಿದ ಎಫ್‌ಡಿಎಲ್‌ಆರ್ ಸೇಡಿಗೆ ಹಳ್ಳಿಗಳ ಮೇಲೆ ಬೀಳುತ್ತದೆ. 2009ರಲ್ಲಿ ಆದದ್ದು ಅದೇ, ಬೆಲೆ ತೆತ್ತವರು ಹಳ್ಳಿಗರು.

ಎಫ್‌ಡಿಎಲ್‌ಆರ್ ಅನ್ನು ನಿಜವಾಗಿ ಕರಗಿಸಿದ ಕೆಲಸ ಸದ್ದಿಲ್ಲದ್ದು. ವಿಶ್ವಸಂಸ್ಥೆಯ ತಂಡ ಕಿನ್ಯರುವಾಂಡಾ ಭಾಷೆಯಲ್ಲಿ ರೇಡಿಯೊ ಪ್ರಸಾರ ಮಾಡಿ, ಊರಿಗೆ ಮರಳಿದವರ ದನಿ ಕೇಳಿಸುತ್ತಿತ್ತು. ಕಾಡಿನಲ್ಲಿದ್ದವನು ರಾತ್ರಿ ನುಸುಳಿ ಹತ್ತಿರದ ಶಾಂತಿಪಾಲಕರ ನೆಲೆಗೆ ಬರುತ್ತಿದ್ದ. ಬಂದೂಕು ಒಪ್ಪಿಸಿ, ಹೆಸರು ದೇಶ ಪರಿಶೀಲನೆಯಾಗಿ, ಹೆಂಡತಿ ಮಕ್ಕಳಿದ್ದರೆ ಅವರನ್ನೂ ಕರೆತಂದು, ಗೋಮಾ ಗಡಿ ದಾಟಿಸಿ ಉತ್ತರ ರುವಾಂಡಾದ ಮುಟೊಬೊ ಶಿಬಿರಕ್ಕೆ ಸೇರಿಸುತ್ತಿದ್ದರು. ಅಲ್ಲಿ ಕೆಲವು ತಿಂಗಳ ತರಬೇತಿ, ಗುರುತಿನ ಚೀಟಿ, ಆಮೇಲೆ ಊರು. ಈ ದಾರಿಯಲ್ಲಿ ಎರಡು ದಶಕಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೋರಾಟಗಾರರು ಮರಳಿದ್ದಾರೆ. ಇದಕ್ಕೆ ಬೇಕಾದದ್ದು ಮೂರು: ನುಸುಳಿ ಬರಲು ಸುರಕ್ಷಿತ ನೆಲೆ, ದಾಟಲು ತೆರೆದ ಗಡಿ, ಬರುವವನನ್ನು ತಡೆದು ಮತ್ತೆ ಮುಂಚೂಣಿಗೆ ಕಳಿಸದ ಸೇನೆ. 2022ರ ನಂತರ ಸೇನೆಗೆ ಅವನು ಬೇಕಾದವನಾದ. 2025ರಲ್ಲಿ ಗೋಮಾದ ಗಡಿ ಎಂ23 ಕೈಗೆ ಹೋಯಿತು.